‘ಗುಡ್ ಟೈಮ್ಸ್’ ಸೊರಗಿದ್ದು ಎಂದಿನಿಂದ? ಅಪ್ಪ ಸತ್ತ ದಿನದಿಂದಲ್ಲ

1976ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ಒಂದು ದೃಶ್ಯವನ್ನು ಆ ದೇಶದ ಕಪ್ಪು ಜನಾಂಗದ ವೀಕ್ಷಕರು ಇಂದಿಗೂ ಮರೆತಿಲ್ಲ. ಷಿಕಾಗೊ ನಗರದ ಸರ್ಕಾರಿ ವಸತಿ ಸಮುಚ್ಚಯದಲ್ಲಿನ ಇಕ್ಕಟ್ಟಾದ ಮನೆ. ಯಜಮಾನ ಜೇಮ್ಸ್ ಇವಾನ್ಸ್ ಮಿಸಿಸಿಪಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು ಮುಂಚಿತವಾಗಿ ಅಲ್ಲಿಗೆ ಹೋಗಿದ್ದಾನೆ. ಹೆಂಡತಿ, ಮಕ್ಕಳು ಸಾಮಾನು ಕಟ್ಟಿ ಹೊರಡುವ ಸಡಗರದಲ್ಲಿದ್ದಾರೆ. ಆಗ ಒಂದು ತಂತಿ ಬರುತ್ತದೆ. ಜೇಮ್ಸ್ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾನೆ. ಮುಂದಿನ ಕಂತಿನಲ್ಲಿ ಹೆಂಡತಿ ಫ್ಲಾರಿಡಾ ಶವಸಂಸ್ಕಾರ ಮುಗಿಸಿ ಬಂದವರನ್ನೆಲ್ಲ ನಗುಮುಖದಿಂದಲೇ ಉಪಚರಿಸುತ್ತಾಳೆ. ಅಮ್ಮ ಒಂದು ಹನಿ ಕಣ್ಣೀರನ್ನೂ ಹಾಕುತ್ತಿಲ್ಲವಲ್ಲ ಎಂದು ಮಕ್ಕಳಿಗೆ ಸಿಟ್ಟು. ಬಂದವರೆಲ್ಲ ಹೋದ ಮೇಲೆ ಅವಳು ಗಾಜಿನ ದೊಡ್ಡ ಬೋಗುಣಿಯನ್ನು ಕೈಗೆತ್ತಿಕೊಂಡು ನೆಲಕ್ಕೆ ಅಪ್ಪಳಿಸುತ್ತಾಳೆ, ಒಂದೇ ಬೈಗುಳವನ್ನು ಮೂರು ಸಲ ಹೇಳಿ ಕುಸಿದುಹೋಗುತ್ತಾಳೆ.

‘ಗುಡ್ ಟೈಮ್ಸ್’ ಎಂಬ ಈ ಹಾಸ್ಯ ಧಾರಾವಾಹಿ ಕೆಟ್ಟಿದ್ದು ಯಾವಾಗಿನಿಂದ ಎಂದು ಕೇಳಿದರೆ ಹೆಚ್ಚಿನವರು ಬೆರಳು ಮಾಡುವುದು ಈ ಬೋಗುಣಿಯ ಕಡೆಗೇ. ಅಪ್ಪನಿಲ್ಲದ ಮನೆಯಲ್ಲಿ ಮತ್ತೇನು ಉಳಿಯಿತು ಎಂಬುದು ಅವರ ವಾದ. ಇನ್ನು ಕೆಲವರು ಒಂದು ವರ್ಷ ಮುಂದಕ್ಕೆ ಹೋಗಿ, 1977ರಲ್ಲಿ ಫ್ಲಾರಿಡಾಳ ಪಾತ್ರ ಮಾಡುತ್ತಿದ್ದ ಎಸ್ತರ್ ರೋಲ್ ಧಾರಾವಾಹಿಯನ್ನು ಬಿಟ್ಟಾಗ, ಅಂದರೆ ಅಪ್ಪನ ಹಿಂದೆ ಅಮ್ಮನೂ ಮನೆಯಿಂದ ಕಾಣೆಯಾದಾಗ ಕಥೆ ಮುಗಿಯಿತೆನ್ನುತ್ತಾರೆ. ಗಂಡ ಸತ್ತು ವರ್ಷ ತುಂಬುವ ಮೊದಲೇ ಫ್ಲಾರಿಡಾಳಿಗೆ ಕಾರ್ಲ್ ಡಿಕ್ಸನ್ ಎಂಬವನೊಂದಿಗೆ ಮದುವೆ ಮಾಡಿಸಿದ್ದೇ ತಪ್ಪಾಯಿತೆನ್ನುವವರೂ ಇದ್ದಾರೆ. 1974ರಿಂದ 1979ರವರೆಗೆ ಆರು ಸೀಸನ್‌ಗಳಲ್ಲಿ 133 ಕಂತುಗಳಾಗಿ ಬಂದ ಈ ಧಾರಾವಾಹಿಯ ಬಗೆಗಿನ ಜಗಳ ಐವತ್ತು ವರ್ಷಗಳ ಮೇಲೂ ತಣ್ಣಗಾಗಿಲ್ಲ. 2024ರಲ್ಲಿ ನೆಟ್‌ಫ್ಲಿಕ್ಸ್ ಇದೇ ಹೆಸರಿನಲ್ಲಿ ಒಂದು ಆ್ಯನಿಮೇಷನ್ ಸರಣಿಯನ್ನು ಹೊರತಂದಿತು. ಅದರ ಟ್ರೇಲರ್ ಬಂದಾಗಲೇ ಸಾಕಷ್ಟು ಟೀಕೆ ಎದ್ದಿತ್ತು. ಅದೇ ವರ್ಷ ಜೇಮ್ಸ್ ಪಾತ್ರದ ಜಾನ್ ಅಮೋಸ್ ನಿಧನರಾದರು. ಹಳೆಯ ಪ್ರಶ್ನೆ ಮತ್ತೆ ಮೇಲೆದ್ದಿತು.

ನನ್ನ ಮಟ್ಟಿಗೆ 1976 ಸರಿಯಾದ ಉತ್ತರವಲ್ಲ. ಧಾರಾವಾಹಿಯ ಇಳಿತ ಆರಂಭವಾದದ್ದು ಅದಕ್ಕೂ ಎರಡು ವರ್ಷ ಹಿಂದೆ, ಅದು ಜನಪ್ರಿಯತೆಯ ತುತ್ತತುದಿಯಲ್ಲಿದ್ದ 1974–75ರ ಎರಡನೆಯ ಸೀಸನ್ನಿನಲ್ಲಿ. ಜೇಮ್ಸ್‌ನ ಸಾವನ್ನು ಆ ಇಳಿತಕ್ಕೆ ಕಾರಣ ಎನ್ನುವುದಕ್ಕಿಂತ ಅದರ ಫಲ ಎನ್ನುವುದು ಸರಿ. ಇದನ್ನು ಒಪ್ಪಬೇಕಾದರೆ, ಆ ಮನೆಯಲ್ಲಿ ಒಬ್ಬ ಅಪ್ಪ ಇದ್ದದ್ದೇ ಆ ಕಾಲಕ್ಕೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದನ್ನು ಮೊದಲು ತಿಳಿಯಬೇಕು.

1965ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯಲ್ಲಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಕಪ್ಪು ಕುಟುಂಬಗಳ ಕುರಿತು ಒಂದು ವರದಿ ಬರೆದರು. ಗಂಡಸಿಲ್ಲದ, ಹೆಂಗಸೇ ನಡೆಸುವ ಸಂಸಾರಗಳ ಹೆಚ್ಚಳವನ್ನು ಕಪ್ಪು ಸಮುದಾಯದ ಬಡತನದೊಂದಿಗೆ ಗಂಟುಹಾಕಿದ ಆ ವರದಿ ದೊಡ್ಡ ವಿವಾದವನ್ನೆಬ್ಬಿಸಿತು. ಬಡತನಕ್ಕೆ ಬಡವರ ಸಂಸಾರವನ್ನೇ ದೂರುತ್ತಿದ್ದಾರೆಂಬುದು ಟೀಕಾಕಾರರ ಆಕ್ಷೇಪವಾಗಿತ್ತು. ದೂರದರ್ಶನದ ಪರದೆಯೂ ಇದಕ್ಕೆ ಹೊರತಾಗಿರಲಿಲ್ಲ. 1968ರಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದ ‘ಜೂಲಿಯಾ’ದಲ್ಲಿ ನಟಿ ಡಯಾನ್ ಕ್ಯಾರೊಲ್ ಅವರದು ವಿದ್ಯಾವಂತ ನರ್ಸ್ ಪಾತ್ರ, ನಿಜ; ಆದರೆ ಆಕೆಯ ಗಂಡ ವಿಯೆಟ್ನಾಂ ಯುದ್ಧದಲ್ಲಿ ಮಡಿದ ಪೈಲಟ್. ಮನೆಯಲ್ಲಿ ಅಮ್ಮ ಮತ್ತು ಪುಟ್ಟ ಮಗ ಇಬ್ಬರೇ.

ಎಸ್ತರ್ ರೋಲ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ನಾರ್ಮನ್ ಲಿಯರ್ ನಿರ್ಮಾಣದ ‘ಮಾಡ್’ ಧಾರಾವಾಹಿಯಲ್ಲಿ 1972ರಿಂದ ಅವರದು ಬಿಳಿಯರ ಮನೆಯ ಕೆಲಸದಾಕೆ ಫ್ಲಾರಿಡಾಳ ಪಾತ್ರ. ಆ ಪಾತ್ರಕ್ಕೇ ಒಂದು ಬೇರೆ ಧಾರಾವಾಹಿ ಮಾಡೋಣವೆಂಬ ಮಾತು ಬಂದಾಗ, ಗಂಡನಿಲ್ಲದ ಸಂಸಾರದ ಕಥೆಯಾದರೆ ತಾನು ಮಾಡುವುದಿಲ್ಲವೆಂದು ಅವರು ಪಟ್ಟು ಹಿಡಿದರು. ಹಾಗಾಗಿ ಜೇಮ್ಸ್ ಬಂದ. ಕಥೆಯನ್ನು ರೂಪಿಸಿದವರು ಎರಿಕ್ ಮಾಂಟಿ ಮತ್ತು ಮೈಕ್ ಇವಾನ್ಸ್ ಎಂಬ ಇಬ್ಬರು ಕಪ್ಪು ಲೇಖಕರು. ಮಾಂಟಿ ಬೆಳೆದದ್ದು ಷಿಕಾಗೊದ ಕಾಬ್ರಿನಿ-ಗ್ರೀನ್ ವಸತಿ ಸಮುಚ್ಚಯದಲ್ಲಿ. ಧಾರಾವಾಹಿಯ ಶೀರ್ಷಿಕೆಯ ಹಿಂದೆ ಕಾಣುವ ಎತ್ತರದ ಕಟ್ಟಡಗಳೂ ಅಲ್ಲಿನವೇ. 1974ರ ಫೆಬ್ರವರಿ 8ರಂದು ಮೊದಲ ಕಂತು ಬಂತು. ಬಡ ಕಪ್ಪು ಮನೆಯೊಂದರಲ್ಲಿ ತಂದೆ ತಾಯಿ ಇಬ್ಬರೂ ಕೂಡಿ ಮೂವರು ಮಕ್ಕಳನ್ನು ಬೆಳೆಸುವುದನ್ನು ಅಮೆರಿಕದ ಸಿಟ್‌ಕಾಮ್ ಅದುವರೆಗೆ ತೋರಿಸಿಯೇ ಇರಲಿಲ್ಲ.

ಮೊದಲ ಸೀಸನ್ನಿನ 13 ಕಂತುಗಳ ಹದ ಹೇಗಿತ್ತೆಂಬುದಕ್ಕೆ ಎರಡನೆಯ ಕಂತೊಂದೇ ಸಾಕು. ಹಿರಿಯ ಮಗ ಜೆ.ಜೆ. ಚಿತ್ರಕಾರ. ಅವನು ಬರೆದ ಕಪ್ಪು ಬಣ್ಣದ ಯೇಸುವಿನ ಚಿತ್ರವನ್ನು ಕಿರಿಯವನಾದ ಮೈಕಲ್ ಗೋಡೆಗೆ ತೂಗುಹಾಕುತ್ತಾನೆ. ಅಲ್ಲಿ ಮೊದಲಿದ್ದದ್ದು ಫ್ಲಾರಿಡಾ ಚಿಕ್ಕಂದಿನಿಂದ ಪೂಜ್ಯವೆಂದುಕೊಂಡ ಬಿಳಿಯ ಯೇಸು. ಇನ್ನೊಂದು ತೊಡಕೆಂದರೆ, ಜೆ.ಜೆ. ತನ್ನ ಯೇಸುವಿಗೆ ಮಾದರಿಯಾಗಿ ಕೂರಿಸಿಕೊಂಡವನು ಕೇರಿಯ ಕುಡುಕ ನೆಡ್. ಚಿತ್ರ ಗೋಡೆಗೇರಿದ ಮೇಲೆ ಮನೆಯಲ್ಲಿ ಅದೃಷ್ಟ ಖುಲಾಯಿಸಿದಂತೆ ಒಂದರ ಮೇಲೊಂದು ಒಳಿತಾಗುತ್ತದೆ. ಮೊದಮೊದಲು ನಕ್ಕ ಅಪ್ಪನೂ ಚಿತ್ರವನ್ನು ಇಳಿಸಲು ಹಿಂದೆಮುಂದೆ ನೋಡುತ್ತಾನೆ. ದೇವರ ಬಣ್ಣ ಯಾವುದು, ಹಣೆಬರಹ ನಂಬುವುದೆಷ್ಟು, ಗಂಡ ಹೆಂಡಿರಲ್ಲಿ ಯಾರ ಮಾತು ನಡೆಯಬೇಕು ಎಂಬ ಮೂರು ಪ್ರಶ್ನೆಗಳನ್ನು ಅರ್ಧ ಗಂಟೆಯ ಹಾಸ್ಯದೊಳಗೆ ಎಲ್ಲಿಯೂ ಭಾಷಣವೆನಿಸದಂತೆ ಹೆಣೆದ ಕಂತದು. ಗಮನಿಸಬೇಕಾದದ್ದೇನೆಂದರೆ, ಇಲ್ಲಿ ಜೆ.ಜೆ. ಕಲಾವಿದ. ಅವನು ನಗಿಸುತ್ತಾನೆ, ಆದರೆ ಅವನ ಕೈಯಲ್ಲಿ ಒಂದು ವಿದ್ಯೆಯಿದೆ ಎಂಬುದನ್ನು ಕಥೆ ಮರೆಯುವುದಿಲ್ಲ. ತೆರೆಯ ಮೇಲೆ ಕಾಣುವ ಅವನ ಅನೇಕ ಚಿತ್ರಗಳನ್ನು ನಿಜವಾಗಿ ಬರೆದವರು ಪ್ರಸಿದ್ಧ ಕಲಾವಿದ ಎರ್ನಿ ಬಾರ್ನ್ಸ್.

ಆಮೇಲೆ ಆದದ್ದು ಒಂದು ಶಬ್ದದಿಂದ. ಜೆ.ಜೆ. ಪಾತ್ರದ ಜಿಮ್ಮಿ ವಾಕರ್ ಮೂಲತಃ ವೇದಿಕೆಯ ಮೇಲೆ ಒಬ್ಬನೇ ನಿಂತು ನಗಿಸುವ ಹಾಸ್ಯಗಾರ. ಕಡ್ಡಿಯಂಥ ಉದ್ದನೆಯ ಮೈ, ಅಗಲವಾದ ಕಣ್ಣು, ತಲೆಗೊಂದು ಟೋಪಿ. ಅವನು ‘ಡೈ-ನೋ-ಮೈಟ್!’ ಎಂದು ಎಳೆದು ಕೂಗಿದ್ದನ್ನು ಕೇಳಿದ ನಿರ್ದೇಶಕ ಜಾನ್ ರಿಚ್, ಪ್ರತಿ ಕಂತಿನಲ್ಲೂ ಅದು ಬರಲೇಬೇಕೆಂದರು. ಲಿಯರ್‌ಗೆ ಇದು ಹಿಡಿಸಲಿಲ್ಲ. ಕೊನೆಗೆ ಕಂತಿಗೆ ಒಂದೇ ಸಲ ಎಂಬ ಒಪ್ಪಂದವಾಯಿತು. ಆದರೆ ಸ್ಟುಡಿಯೊದಲ್ಲಿ ಕುಳಿತ ಪ್ರೇಕ್ಷಕರಿಗೆ ಆ ಒಪ್ಪಂದದ ಹಂಗಿರಲಿಲ್ಲ. ಮಾತು ಬಾಯಿಂದ ಬೀಳುತ್ತಿದ್ದಂತೆ ಚಪ್ಪಾಳೆ, ಕೇಕೆ. ಪ್ರೇಕ್ಷಕರ ಎದುರಿನಲ್ಲೇ ಚಿತ್ರೀಕರಿಸುವ ಧಾರಾವಾಹಿಯಲ್ಲಿ ಬರಹಗಾರನಿಗೆ ಅಂಕ ಕೊಡುವುದು ಆ ನಗೆಯೇ. ಎಲ್ಲಿ ನಗು ಜೋರೋ ಮುಂದಿನ ವಾರದ ಪುಟಗಳು ಅತ್ತಲೇ ವಾಲುತ್ತವೆ. ಮೌನದಲ್ಲಿ ಕೆಲಸ ಮಾಡುವ ದೃಶ್ಯಕ್ಕೆ ಅಂಥ ಅಂಕ ಸಿಗುವುದಿಲ್ಲ. 1975ರ ಹೊತ್ತಿಗೆ ಜೆ.ಜೆ.ಯ ಮಾತನಾಡುವ ಗೊಂಬೆ ಅಂಗಡಿಗಳಲ್ಲಿತ್ತು, ವಾಕರ್ ಅವರ ಹಾಸ್ಯದ ಎಲ್‌ಪಿ ರೆಕಾರ್ಡೂ ಹೊರಬಂದಿತ್ತು. ಗೊಂಬೆ ಮಾರಾಟಕ್ಕೆ ಬಂದ ಮೇಲೆ ಪಾತ್ರ ಬೆಳೆಯುವುದು ಕಷ್ಟ. ಟಿಆರ್‌ಪಿ ತಂದುಕೊಟ್ಟ ಪಾತ್ರಕ್ಕಾಗಿ ಇಡೀ ಕಥೆಯೇ ಪಕ್ಕಕ್ಕೆ ಸರಿದು ದಾರಿ ಬಿಡುವುದನ್ನು ನಮ್ಮ ಕನ್ನಡ ಧಾರಾವಾಹಿಗಳ ವೀಕ್ಷಕರಿಗೆ ವಿವರಿಸಬೇಕಾಗಿಲ್ಲ.

ತಂದೆ ತಾಯಿಯ ಪಾತ್ರಧಾರಿಗಳು ಸುಮ್ಮನಿರಲಿಲ್ಲ. 1975ರಲ್ಲಿ ಕಪ್ಪು ಓದುಗರ ಪ್ರಮುಖ ಪತ್ರಿಕೆ ‘ಎಬನಿ’ಯಲ್ಲಿ ರೋಲ್ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಹದಿನೆಂಟು ತುಂಬಿದ ಹುಡುಗ, ಕೆಲಸವಿಲ್ಲ, ಓದುಬರಹವಿಲ್ಲ, ಯೋಚನೆಯಿಲ್ಲ; ಇಂಥವನನ್ನು ನೋಡಿ ನಮ್ಮ ಮಕ್ಕಳು ಏನು ಕಲಿಯಬೇಕು ಎಂಬುದು ಅವರ ಮಾತಿನ ಸಾರ. ಅಮೋಸ್ ಅವರ ದೂರೂ ಇದೇ ದಾರಿಯದು. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆ, ಮೈಕಲ್ ನ್ಯಾಯಾಧೀಶನಾಗುವ ಕನಸು ಕಾಣುತ್ತಿದ್ದಾನೆ, ಮಗಳು ಥೆಲ್ಮಾಳಿಗೆ ಅವಳದೇ ಆಸೆಗಳಿವೆ. ಅವರನ್ನೆಲ್ಲ ಬಿಟ್ಟು ಕೋಳಿ ಟೋಪಿ ತೊಟ್ಟು ಕುಣಿಯುವ ಹಿರಿಯವನ ಸುತ್ತಲೇ ಏಕೆ ಬರೆಯುತ್ತೀರಿ ಎಂದು ಅವರು ಬರಹಗಾರರೊಡನೆ ಜಗಳವಾಡುತ್ತಿದ್ದರು. ಆ ಬರಹಗಾರರಲ್ಲಿ ಬಹುಪಾಲು ಬಿಳಿಯರು. ಕಪ್ಪು ತಂದೆಯೊಬ್ಬ ತನ್ನ ಮಕ್ಕಳೊಡನೆ ಹೀಗೆ ಮಾತನಾಡುವುದಿಲ್ಲ ಎಂದು ಕಪ್ಪು ನಟನೊಬ್ಬ ಹೇಳಿದಾಗ ಅದನ್ನು ಅನುಭವದ ಮಾತೆಂದು ತೆಗೆದುಕೊಳ್ಳಬೇಕೋ ನಟನ ತಂಟೆಯೆಂದೋ? ನಿರ್ಮಾಪಕರು ಎರಡನೆಯದನ್ನೇ ಆಯ್ದುಕೊಂಡರು. ಮೂರನೆಯ ಸೀಸನ್ ಮುಗಿದ ಮೇಲೆ ಅಮೋಸ್ ಅವರನ್ನು ಕೈಬಿಡಲಾಯಿತು. ತಾನು ಆಗ ಸಿಟ್ಟಿನ ಮನುಷ್ಯನಾಗಿದ್ದೆ, ಮಾತಿನಲ್ಲಿ ನಯವಿರಲಿಲ್ಲ ಎಂದು ಅವರು ಮುಂದೆ ಅನೇಕ ಸಂದರ್ಶನಗಳಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ತನ್ನ ಆಕ್ಷೇಪ ತಪ್ಪೆಂದು ಒಪ್ಪಿಕೊಳ್ಳಲಿಲ್ಲ.

(ತೆರೆಯ ಮೇಲಿನ ಈ ತಂದೆಗೂ ಮಗನಿಗೂ ನಿಜದಲ್ಲಿ ಎಂಟು ವರ್ಷಗಳ ಅಂತರವೂ ಇರಲಿಲ್ಲ. ಮೊದಲ ಕಂತಿನ ಹೊತ್ತಿಗೆ ಅಮೋಸ್‌ಗೆ 34, ವಾಕರ್‌ಗೆ 26. ಹಾಗಿದ್ದೂ ಜೇಮ್ಸ್ ಗದರಿದಾಗ ಜೆ.ಜೆ. ಕುಗ್ಗುವುದು ನಂಬುವಂತಿರುತ್ತದೆ. ಅಮೋಸ್ ಅವರ ದೇಹಭಾಷೆಯ ಗತ್ತೇ ಅಂಥದ್ದು.)

ಈಗ ಅಂಕಿಗಳತ್ತ ಬರೋಣ. ಅಮೆರಿಕದಲ್ಲಿ ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆಂದು ಅಳೆಯುವ ನೀಲ್ಸನ್ ಪಟ್ಟಿಯಲ್ಲಿ ‘ಗುಡ್ ಟೈಮ್ಸ್’ ಮೊದಲ ಸೀಸನ್ನಿನಲ್ಲಿ 17ನೆಯ ಸ್ಥಾನ ಪಡೆಯಿತು, ಎರಡನೆಯದರಲ್ಲಿ 7ಕ್ಕೇರಿತು. ಮೂರನೆಯದರಲ್ಲಿ 24ಕ್ಕೆ ಕುಸಿಯಿತು. ಜೇಮ್ಸ್ ಸತ್ತ ನಾಲ್ಕನೆಯ ಸೀಸನ್ನಿನಲ್ಲಿ ಅದರ ಸ್ಥಾನ 26. ಅಂದರೆ ದೊಡ್ಡ ಕುಸಿತ ನಡೆದದ್ದು ಅಪ್ಪ ಇನ್ನೂ ಮನೆಯಲ್ಲಿದ್ದಾಗಲೇ. ಅವನ ಸಾವಿನ ವರ್ಷದಲ್ಲಿ ಇಳಿದದ್ದು ಬರೀ ಎರಡು ಮೆಟ್ಟಿಲು. 1976ರಲ್ಲೇ ಎಲ್ಲವೂ ಕೆಟ್ಟಿತು ಎನ್ನುವವರು ಈ ನಾಲ್ಕು ಅಂಕಿಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಆದರೆ ಇದರಿಂದಲೇ ನನ್ನ ವಾದ ಗೆದ್ದಿತೆಂದು ಹೇಳಲಾರೆ, ಏಕೆಂದರೆ ಆ ಕುಸಿತಕ್ಕೆ ಹೊರಗಿನ ಒಂದು ಕಾರಣವೂ ಇತ್ತು. ಮಂಗಳವಾರ ರಾತ್ರಿ ಎಂಟಕ್ಕೆ ‘ಗುಡ್ ಟೈಮ್ಸ್’ ಎದುರಿಗೆ ಎಬಿಸಿ ವಾಹಿನಿಯಲ್ಲಿ ಬರುತ್ತಿದ್ದದ್ದು ‘ಹ್ಯಾಪಿ ಡೇಸ್’. 1974–75ರಲ್ಲಿ ಇವಾನ್ಸ್ ಕುಟುಂಬದ ಮುಂದೆ ಅದು ಸೊರಗಿತು. ಅದನ್ನು ಉಳಿಸಿಕೊಳ್ಳಲು ಎಬಿಸಿಯವರು 1975ರಲ್ಲಿ ಅದರ ರೂಪವನ್ನೇ ಬದಲಿಸಿ, ಸ್ಟುಡಿಯೊ ಪ್ರೇಕ್ಷಕರನ್ನು ಕೂರಿಸಿ, ಬದಿಯ ಪಾತ್ರವಾಗಿದ್ದ ಫಾನ್ಜಿ ಎಂಬ ಬೈಕ್ ಸವಾರನನ್ನು ಮುಂದಕ್ಕೆ ತಂದರು. ಆ ಧಾರಾವಾಹಿ ಆ ವರ್ಷ 11ನೆಯ ಸ್ಥಾನಕ್ಕೂ ಮರುವರ್ಷ ಮೊದಲ ಸ್ಥಾನಕ್ಕೂ ಏರಿತು. ಒಂದು ಧಾರಾವಾಹಿ ಯಾವ ಘಳಿಗೆಯಲ್ಲಿ ಹಳಿ ತಪ್ಪಿತೆಂದು ಗುರುತಿಸಲು ಅಮೆರಿಕನ್ನರು ಈಗ ಬಳಸುವ ‘ಜಂಪ್ ದ ಶಾರ್ಕ್’ ಎಂಬ ನುಡಿಗಟ್ಟು ಹುಟ್ಟಿದ್ದು, 1977ರಲ್ಲಿ ಅದೇ ಫಾನ್ಜಿ ನೀರಿನ ಮೇಲೆ ಸ್ಕೀ ಮಾಡುತ್ತ ತಿಮಿಂಗಿಲದಂಥ ಶಾರ್ಕ್ ಮೀನಿನ ಮೇಲಿಂದ ಹಾರಿದ ಕಂತಿನಿಂದ ಎಂಬುದು ಬೇರೆ ಮಾತು. ಎದುರಾಳಿಯನ್ನು ಗೆಲ್ಲಿಸಿದ ಉಪಾಯ ಮತ್ತು ‘ಗುಡ್ ಟೈಮ್ಸ್’ ಅನ್ನು ಒಳಗಿನಿಂದ ಕೊರೆದ ಉಪಾಯ ಎರಡೂ ಒಂದೇ ಎಂಬುದಷ್ಟೇ ಇಲ್ಲಿ ಮುಖ್ಯ: ಒಬ್ಬ ತಮಾಷೆಯ ಹುಡುಗನನ್ನು ಹಿಡಿದು ಅವನ ಮೇಲೆ ಇಡೀ ಮನೆಯ ಭಾರ ಹೊರಿಸುವುದು.

ಒಂದೇ ಉಪಾಯಕ್ಕೆ ಎರಡು ಫಲ ಏಕೆ? ‘ಹ್ಯಾಪಿ ಡೇಸ್’ಗೆ ಕಾಪಾಡಿಕೊಳ್ಳಬೇಕಾದ ಘನತೆಯ ಹೊರೆಯೇನೂ ಇರಲಿಲ್ಲ. 1950ರ ದಶಕದ ಬಿಳಿಯ ಮಧ್ಯಮವರ್ಗದ ಹುಡುಗರು ಎಷ್ಟು ಹುಚ್ಚಾಟವಾಡಿದರೂ ಬಿಳಿಯರೆಲ್ಲ ಹೀಗೇ ಎಂದು ಯಾರೂ ತೀರ್ಮಾನಿಸುವುದಿಲ್ಲ. ಅವರನ್ನು ತೋರಿಸುವ ಬೇರೆ ಹತ್ತಾರು ಧಾರಾವಾಹಿಗಳು ಅದೇ ರಾತ್ರಿ ಬರುತ್ತಿದ್ದವು. ಕಪ್ಪು ಕುಟುಂಬಕ್ಕೆ ಆ ಸೌಕರ್ಯವಿರಲಿಲ್ಲ. ಕಣ್ಣರಳಿಸಿ ಹಲ್ಲುಕಿರಿದು ಕುಣಿಯುವ ಕಪ್ಪು ಯುವಕನ ಚಿತ್ರಕ್ಕೆ ಅಮೆರಿಕದಲ್ಲಿ ನೂರು ವರ್ಷಕ್ಕೂ ಹಿಂದಿನ ಕಹಿ ಚರಿತ್ರೆಯಿದೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಅಣಕದಾಟಗಳಲ್ಲಿ ಆ ಚಿತ್ರ ರೂಪುಗೊಂಡಿತ್ತು. ರೋಲ್ ಮತ್ತು ಅಮೋಸ್ ನೋಡುತ್ತಿದ್ದದ್ದು ಆ ಹಳೆಯ ನೆರಳನ್ನು. ಜಿಮ್ಮಿ ವಾಕರ್‌ಗೆ ಇದರಲ್ಲಿ ಅನ್ಯಾಯವಾಗಿದೆ ಎಂಬುದನ್ನೂ ಹೇಳಬೇಕು. ತಾನು ಹಾಸ್ಯಗಾರ, ಯಾರಿಗೂ ಆದರ್ಶವಾಗಲು ಹೊರಟವನಲ್ಲ ಎಂಬುದು ಅವರ ನಿಲುವು, ಮತ್ತು ನಗಿಸುವ ಕೆಲಸವನ್ನು ಅವರು ಅಚ್ಚುಕಟ್ಟಾಗಿಯೇ ಮಾಡಿದರು. ಪುಟಗಳನ್ನು ಬರೆದವರು ಅವರಲ್ಲ.

ಇನ್ನೊಂದು ದಿಕ್ಕಿನಿಂದಲೂ ಆಕ್ಷೇಪ ಬಂದಿತ್ತು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಕೆಲವರು ಲಿಯರ್ ಅವರ ಕಚೇರಿಗೇ ಬಂದು, ದೂರದರ್ಶನದಲ್ಲಿ ಇರುವ ಒಬ್ಬ ಕಪ್ಪು ತಂದೆಯೂ ಎರಡು ಮೂರು ಕೆಲಸ ಮಾಡಿದರೂ ಉದ್ಧಾರವಾಗದ ಬಡವನೇ ಆಗಿರಬೇಕೇ ಎಂದು ತರಾಟೆಗೆ ತೆಗೆದುಕೊಂಡರೆಂದು ಲಿಯರ್ ಹೇಳಿಕೊಂಡಿದ್ದಾರೆ. 1975ರ ಜನವರಿಯಲ್ಲಿ ಶುರುವಾದ, ಶ್ರೀಮಂತ ಕಪ್ಪು ವ್ಯಾಪಾರಿಯ ಕಥೆಯಾದ ‘ದ ಜೆಫರ್ಸನ್ಸ್’ಗೆ ಆ ಭೇಟಿಯೂ ಒಂದು ಪ್ರೇರಣೆಯಾಯಿತಂತೆ. ಅಂದರೆ ಒಂದೇ ಮನೆಯಿಂದ ಕೆಲವರು ಬಡತನದ ಸತ್ಯವನ್ನು ಕೇಳುತ್ತಿದ್ದರು, ಕೆಲವರು ಬಡತನದಿಂದ ಬಿಡುಗಡೆಯನ್ನು, ವಾಹಿನಿ ಮಾತ್ರ ನಗೆಯನ್ನು. ಇವುಗಳಲ್ಲಿ ಯಾವುದನ್ನು ಬಯಸಿ ಟಿವಿ ಮುಂದೆ ಕೂತವರೋ ಅದಕ್ಕೆ ತಕ್ಕಂತೆ ವೀಕ್ಷಕರು ಇಳಿಮುಖದ ತಾರೀಖನ್ನೂ ಆರಿಸಿಕೊಳ್ಳುತ್ತಾರೆ. ತಂದೆಯನ್ನು ನೋಡಲು ಕೂತವರಿಗೆ 1976. ತಾಯಿಗಾಗಿ ಕೂತವರಿಗೆ 1977. ಜೆ.ಜೆ.ಗಾಗಿಯೇ ಕೂತ ಅಂದಿನ ಮಕ್ಕಳಿಗೆ ಇಳಿಮುಖವೆಂಬುದೇ ಇಲ್ಲ.

ಇದೇ ಷಿಕಾಗೊದಲ್ಲಿ ಹದಿನೈದು ವರ್ಷಗಳ ಅನಂತರ ಇನ್ನೊಂದು ಕಪ್ಪು ಮನೆಯ ಕಥೆ ನಡೆಯಿತು. 1989ರ ಸೆಪ್ಟೆಂಬರಿನಲ್ಲಿ ಎಬಿಸಿಯಲ್ಲಿ ಆರಂಭವಾದ ‘ಫ್ಯಾಮಿಲಿ ಮ್ಯಾಟರ್ಸ್’ನಲ್ಲಿ ತಂದೆ ಕಾರ್ಲ್ ವಿನ್ಸ್‌ಲೊ ಪೊಲೀಸ್ ಅಧಿಕಾರಿ, ಸಂಸಾರ ನೆಮ್ಮದಿಯದು. ಆ ವರ್ಷದ ಡಿಸೆಂಬರಿನಲ್ಲಿ, ಹನ್ನೆರಡನೆಯ ಕಂತಿನಲ್ಲಿ, ಒಂದೇ ಸಲಕ್ಕೆಂದು ಪಕ್ಕದ ಮನೆಯ ಹುಡುಗ ಸ್ಟೀವ್ ಅರ್ಕಲ್ ಬಂದ. ದಪ್ಪ ಕನ್ನಡಕ, ಎದೆಯವರೆಗೆ ಎಳೆದುಕಟ್ಟಿದ ಪ್ಯಾಂಟು, ಕೀರಲು ದನಿ. ಮತ್ತೆ ಹೋಗಲೇ ಇಲ್ಲ. ಕಾಲಕ್ರಮದಲ್ಲಿ ಕಥೆ ಅವನದಾಯಿತು. ಅವನು ಕಂಡುಹಿಡಿದ ಯಂತ್ರದೊಳಗೆ ಹೊಕ್ಕು ಬೇರೊಬ್ಬನಾಗಿ ಹೊರಬರುವಷ್ಟು ದೂರ ಅದು ಹೋಯಿತು. ಮನೆಯ ಕಿರಿಯ ಮಗಳು ಜೂಡಿ 1993ರ ಬಳಿಕ ಕಾಣಿಸಲೇ ಇಲ್ಲ; ಸತ್ತಳೆಂದಾಗಲಿ ಊರು ಬಿಟ್ಟಳೆಂದಾಗಲಿ ಯಾರೂ ಹೇಳಲಿಲ್ಲ, ಅಂಥ ಮಗಳು ಎಂದೂ ಇರಲಿಲ್ಲವೆಂಬಂತೆ ಸಂಸಾರ ಮುಂದುವರಿಯಿತು. ಜೇಮ್ಸ್‌ಗೆ ಸಾವಿನ ಕಂತಾದರೂ ಸಿಕ್ಕಿತ್ತು.

ಆದರೂ ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಹಿಂಜರಿಕೆಯಿದೆ. ‘ಫ್ಯಾಮಿಲಿ ಮ್ಯಾಟರ್ಸ್’ ಒಂಬತ್ತು ಸೀಸನ್ ನಡೆದದ್ದು ಅರ್ಕಲ್‌ನಿಂದಲೇ. ಅವನು ಬಾರದಿದ್ದರೆ ಕೆಡುವುದಕ್ಕೆ ಧಾರಾವಾಹಿಯೇ ಇರುತ್ತಿತ್ತೋ ಇಲ್ಲವೋ. ‘ಗುಡ್ ಟೈಮ್ಸ್’ ಹಾಗಲ್ಲ. ಜೆ.ಜೆ.ಯ ಶಬ್ದ ಊರೆಲ್ಲ ಹರಡುವ ಮೊದಲೇ, ಬರೀ 13 ಕಂತುಗಳಲ್ಲಿ, ಅದು ದೇಶದ 17ನೆಯ ಅತಿ ಜನಪ್ರಿಯ ಕಾರ್ಯಕ್ರಮವಾಗಿತ್ತು.

ಜೇಮ್ಸ್ ಹೋದ ಮೇಲೆ ಬಂದದ್ದೆಲ್ಲ ಕಸವೆನ್ನುವುದೂ ಸರಿಯಲ್ಲ. 1977ರ ಐದನೆಯ ಸೀಸನ್ ಆರಂಭವಾದದ್ದೇ ಪೆನ್ನಿ ಎಂಬ ಹುಡುಗಿಯ ಕಥೆಯಿಂದ. ಹನ್ನೊಂದು ವರ್ಷದ ಜಾನೆಟ್ ಜಾಕ್ಸನ್ ಮಾಡಿದ ಪಾತ್ರವದು. ಹೆತ್ತ ತಾಯಿಯೇ ಇಸ್ತ್ರಿಪೆಟ್ಟಿಗೆಯಿಂದ ಸುಡುವ ಆ ಮಗುವಿನ ಸಂಕಟವನ್ನು ನಾಲ್ಕು ಕಂತುಗಳಲ್ಲಿ ತೋರಿಸಿದ ಧೈರ್ಯ ಅಂದಿನ ಹಾಸ್ಯ ಧಾರಾವಾಹಿಗಳಲ್ಲಿ ಅಪರೂಪ. ಪೆನ್ನಿಯನ್ನು ದತ್ತು ತೆಗೆದುಕೊಳ್ಳುವ ನೆರೆಮನೆಯ ವಿಲೋನಾಳಾಗಿ ಜನೆ ಡುಬೊಯ್ಸ್ ಇಡೀ ಸೀಸನ್ನನ್ನು ಹೆಗಲ ಮೇಲೆ ಹೊತ್ತರು. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮನೆಯಲ್ಲಿ ಒಬ್ಬ ನೆರೆಯಾಕೆ ತಾಯಿಯಾಗುವುದು ಕೆಟ್ಟ ಕಥೆಯಲ್ಲ. ಅದು ಬೇರೆ ಕಥೆ, ಅಷ್ಟೆ.

ಅಷ್ಟರಲ್ಲಿ ಅಮೋಸ್ ಎಲ್ಲಿದ್ದರು? ಜೇಮ್ಸ್‌ನ ಅಂತ್ಯಸಂಸ್ಕಾರ ಮುಗಿದು ನಾಲ್ಕು ತಿಂಗಳಿಗೆ, 1977ರ ಜನವರಿಯಲ್ಲಿ, ಎಬಿಸಿ ಸತತ ಎಂಟು ರಾತ್ರಿ ಪ್ರಸಾರ ಮಾಡಿದ ‘ರೂಟ್ಸ್’ ಧಾರಾವಾಹಿಯಲ್ಲಿ ಅವರು ಕುಂಟಾ ಕಿಂಟೆ ಎಂಬ ಹೆಸರಿನ ಗುಲಾಮನಾಗಿ, ಅವನ ನಡುವಯಸ್ಸಿನ ಪಾತ್ರದಲ್ಲಿ ಕಾಣಿಸಿಕೊಂಡರು. ಗುಲಾಮಗಿರಿಯಲ್ಲೂ ತನ್ನ ಹೆಸರನ್ನೂ ಮಗಳನ್ನೂ ಬಿಟ್ಟುಕೊಡಲೊಲ್ಲದ ತಂದೆಯ ಪಾತ್ರ. ಕಪ್ಪು ತಂದೆಯ ಗಂಭೀರ ಕಥೆಯನ್ನು ಅಮೆರಿಕ ನೋಡಲಾರದೆಂಬ ನೆಪ ಆ ಎಂಟು ರಾತ್ರಿಗಳಲ್ಲಿ ಬಿದ್ದುಹೋಯಿತು.

1978ರಲ್ಲಿ ಎಸ್ತರ್ ರೋಲ್ ಆರನೆಯ ಸೀಸನ್ನಿಗೆ ಮರಳಿದರು. ಕಥೆ ಸುಧಾರಿಸಬೇಕು, ಜೆ.ಜೆ.ಯನ್ನು ಹೊಣೆಯರಿತ ಮನುಷ್ಯನನ್ನಾಗಿ ಮಾಡಬೇಕು, ಕಾರ್ಲ್ ಡಿಕ್ಸನ್‌ನೊಡನೆ ಆದ ಮದುವೆಯ ಪ್ರಸ್ತಾಪವನ್ನೇ ಕೈಬಿಡಬೇಕು ಎಂಬ ಷರತ್ತುಗಳನ್ನು ಮುಂದಿಟ್ಟೇ ಬಂದರು. ನಿರ್ಮಾಪಕರು ಒಪ್ಪಿದರು. 1975ರಲ್ಲಿ ಕೇಳಿದ್ದು 1978ರಲ್ಲಿ ಸಿಕ್ಕಿತು, ಆದರೆ ಅಷ್ಟರಲ್ಲಿ ವೀಕ್ಷಕರು ಎದ್ದುಹೋಗಿದ್ದರು. 1979ರ ಆಗಸ್ಟ್ 1ರಂದು ಬಂದ ಕೊನೆಯ ಕಂತಿನಲ್ಲಿ ಅವಸರ ಎದ್ದು ಕಾಣುತ್ತದೆ. ಥೆಲ್ಮಾಳ ಗಂಡನ ಕಾಲುನೋವು ವಾಸಿಯಾಗುತ್ತದೆ, ಜೆ.ಜೆ. ಬರೆದ ಕಾಮಿಕ್ಸ್‌ಗೆ ಪ್ರಕಾಶಕರು ಸಿಗುತ್ತಾರೆ, ಆರು ವರ್ಷ ಬಿಡದೆ ಕಾಡಿದ ಕಷ್ಟವೆಲ್ಲ ಅರ್ಧ ಗಂಟೆಯಲ್ಲಿ ತೀರಿ, ಎಲ್ಲರೂ ಆ ವಸತಿ ಸಮುಚ್ಚಯವನ್ನು ಬಿಟ್ಟು ಹೊರಡುತ್ತಾರೆ. ಅಂತೂ ಜೆ.ಜೆ.ಗೆ ಬದುಕು ಕೊಟ್ಟದ್ದು ಅವನ ಕುಂಚ. ಎರಡನೆಯ ಕಂತಿನಲ್ಲಿ ಕುಡುಕ ನೆಡ್‌ನನ್ನು ಕೂರಿಸಿಕೊಂಡು ಯೇಸುವನ್ನು ಬರೆದಿದ್ದ ಕೈ ಅದು. ನಡುವಿನ ನೂರು ಕಂತುಗಳಲ್ಲಿ ಬರಹಗಾರರಿಗೆ ಅದರ ನೆನಪು ಬಂದದ್ದು ಕಡಿಮೆ.